ಟ್ಯಾಂಕಿನ ತುಕ್ಕು ಯಾರದು?

ಬಿಯರ್ ತಯಾರಿಸುವ ಕಡೆ ಇರೋ ಸ್ಟೇನ್‌ಲೆಸ್ ಸ್ಟೀಲ್ ನೀರಿನ ಟ್ಯಾಂಕಿಗೆ ತುಕ್ಕು ಕಂಡರೆ ಏನು ಮಾಡಬೇಕು ಅನ್ನೋದು ಈ ಸಲದ ವಿಷಯ. ಬಿಯರ್ ಅಂದ ಕೂಡಲೇ ಹಿಂದಿನ ಬೆಂಚಿನವರು ನೆಟ್ಟಗೆ ಕೂತಿರಬಹುದು. ಆಮೇಲೆ ಬೇಜಾರಾಗೋದು ಬೇಡ ಅಂತ ಮೊದಲೇ ಹೇಳಿಬಿಡುತ್ತೇವೆ: ಈ ಲೇಖನದಲ್ಲಿ ಬಿಯರ್ ಒಂದು ತೊಟ್ಟೂ ಸಿಗೋದಿಲ್ಲ, ಬರೀ ನೀರು. ತಮಾಷೆ ಏನಂದ್ರೆ ಬ್ರೂವರಿಯವರು ಈ ನೀರನ್ನೇ ‘ಲಿಕ್ಕರ್’ ಅಂತ ಕರೆಯುತ್ತಾರೆ. ಬಿಸಿನೀರು ತುಂಬಿಡುವ ಟ್ಯಾಂಕಿಗೆ ಅವರಿಟ್ಟ ಹೆಸರು ‘ಹಾಟ್ ಲಿಕ್ಕರ್ ಟ್ಯಾಂಕ್’. ಒಳಗಿರೋದು ಸುಮಾರು 75–80 ಡಿಗ್ರಿ ಸೆಲ್ಸಿಯಸ್‌ನ ನೀರು, ಅಷ್ಟೇ. ಬಾರ್ಲಿ ಮಾಲ್ಟ್ ನೆನೆಸೋಕೆ, ಮಾಲ್ಟಿನ ಮೇಲೆ ಸುರಿದು ಉಳಿದ ಸಿಹಿಯನ್ನು ತೊಳೆದು ತೆಗೆಯೋಕೆ, ಪಾತ್ರೆ ಪೈಪು ತೊಳೆಯೋಕೆ, ಎಲ್ಲಕ್ಕೂ ಇದೇ ನೀರು. ಒಂದು ಲೀಟರ್ ಬಿಯರ್‌ಗೆ ಸಾಮಾನ್ಯವಾಗಿ 4ರಿಂದ 7 ಲೀಟರ್ ನೀರು ಖರ್ಚಾಗುತ್ತೆ. ಹಾಗಾಗಿ ಈ ಟ್ಯಾಂಕು ನಿಂತರೆ ಇಡೀ ಜಾಗ ನಿಂತ ಹಾಗೆ.

ಒಂದು ದಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದಾಗ ಒಳಗೋಡೆಯಲ್ಲಿ ಕಂದು ಗೆರೆಗಳು, ವೆಲ್ಡಿಂಗ್ ಪಕ್ಕದಲ್ಲಿ ಚಹಾ ಚೆಲ್ಲಿದಂಥ ಕಲೆ, ತಳದಲ್ಲಿ ಕೆಂಪು ಚುಕ್ಕೆ ಕಾಣುತ್ತವೆ. ಮಾಲೀಕರು ಮೊದಲು ಹೇಳೋ ಮಾತು, ‘ಸ್ಟೇನ್‌ಲೆಸ್ ಅಂತ ಹೇಳಿ ಫ್ಯಾಬ್ರಿಕೇಟರ್ ಮೋಸ ಮಾಡಿದ’. ಎರಡನೇ ಮಾತು, ‘ವೈರ್ ಬ್ರಷ್ ತಗೊಂಡು ಒಳಗೆ ಇಳಿಯಪ್ಪಾ’. ಮೊದಲನೆಯದು ನಿಜ ಇರಬಹುದು, ಇಲ್ಲದಿರಬಹುದು. ಎರಡನೆಯದು ಮಾತ್ರ ಟ್ಯಾಂಕಿಗೂ ಕೆಟ್ಟದ್ದು, ಒಳಗೆ ಇಳಿಯೋ ಮನುಷ್ಯನಿಗಂತೂ ಇನ್ನೂ ಕೆಟ್ಟದ್ದು. ಯಾಕೆ ಅಂತ ಮುಂದೆ ಬರುತ್ತೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ ತುಕ್ಕು ಯಾರದು? ಟ್ಯಾಂಕಿನದೋ, ಹೊರಗಿನಿಂದ ಬಂದು ಕೂತದ್ದೋ? ಇದು ಗೊತ್ತಾಗದೆ ಮದ್ದು ಹಾಕೋಕೆ ಹೋದರೆ ದುಡ್ಡು, ಆಸಿಡ್, ಒಂದು ವಾರ ಎಲ್ಲ ಹೋಗಿ ತಿಂಗಳಲ್ಲಿ ಕಲೆ ಮತ್ತೆ ಅಲ್ಲೇ ಬರುತ್ತೆ.

ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದಿರೋದಕ್ಕೆ ಕಾರಣ ಅದರ ಮೈಮೇಲಿನ ಪದರ ಅನ್ನೋದು ಎಲ್ಲರೂ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿರೋ ವಿಷಯ. ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಹೊದಿಕೆ ಕಟ್ಟಿಕೊಳ್ಳುತ್ತೆ. ಗೀರು ಬಿದ್ದರೆ ಆ ಜಾಗದಲ್ಲಿ ತಾನಾಗಿಯೇ ಮತ್ತೆ ಬೆಳೆಯುತ್ತೆ. ಆದರೆ ಪರೀಕ್ಷೆಯಲ್ಲಿ ನಾವು ಬರೆಯದೆ ಬಿಟ್ಟ ಮಾತು ಒಂದಿದೆ: ಹಾಗೆ ಬೆಳೆಯೋಕೆ ಮೈ ಸ್ವಚ್ಛವಾಗಿರಬೇಕು, ಆಮ್ಲಜನಕ ಮುಟ್ಟುವಂತಿರಬೇಕು, ಸುತ್ತ ಕ್ಲೋರೈಡ್ ಜಾಸ್ತಿ ಇರಬಾರದು. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕಬೇಡ, ಪಿಂಗಾಣಿ ಭರಣಿಯಲ್ಲೇ ಇಡು ಅಂತ ಅಜ್ಜಿ ಗದರೋದು ಸುಮ್ಮನೆ ಅಲ್ಲ. ಉಪ್ಪು, ಹುಳಿ, ತಿಂಗಳುಗಟ್ಟಲೆ ಅಲುಗಾಡದೆ ಕೂರೋದು, ಈ ಮೂರೂ ಸೇರಿದರೆ ಹೊದಿಕೆ ಸೋಲುತ್ತೆ.

ಈಗ ಪತ್ತೆದಾರಿಕೆ. ಟ್ಯಾಂಕಿನೊಳಗಿನ ಕಂದು ಬಣ್ಣಕ್ಕೆ ನಾವು ಮೂರು ಮೂಲ ಹೇಳುತ್ತೇವೆ. ಒಂದು, ನೀರಿನ ಜೊತೆಗೇ ಬಂದದ್ದು. ಬೋರ್‌ವೆಲ್ ನೀರಲ್ಲಿ ಕರಗಿರೋ ಕಬ್ಬಿಣ ಕಣ್ಣಿಗೆ ಕಾಣೋದಿಲ್ಲ. ಗಾಳಿ ತಾಗಿ, ಬಿಸಿ ಏರಿದ ಕೂಡಲೇ ಕಂದು ಗಸಿಯಾಗಿ ಇಳಿದು ಗೋಡೆಗೆ ಮೆತ್ತಿಕೊಳ್ಳುತ್ತೆ. ಟ್ಯಾಂಕಿಗೆ ಬರುವ ಹಳೇ ಜಿಐ ಪೈಪಿನ ಒಳಗಿನ ತುಕ್ಕೂ ಇದೇ ದಾರಿಯಲ್ಲಿ ಬರಬಹುದು. ಇದನ್ನು ಗುರುತಿಸೋಕೆ ಲ್ಯಾಬ್ ಬೇಡ. ಟ್ಯಾಂಕಿಗೆ ಹೋಗುವ ಮುಂಚಿನ ನೀರನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು ಒಂದು ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಕಂದು ಗಸಿ ಕಂಡರೆ ಪಾಪ, ಟ್ಯಾಂಕಿನ ತಪ್ಪಿಲ್ಲ.

ಎರಡನೆಯದು, ಕಟ್ಟುವಾಗ ಅಂಟಿಕೊಂಡ ಕಬ್ಬಿಣ. ನಮ್ಮ ಕಡೆ ಬಹಳಷ್ಟು ಸಣ್ಣ ಶೆಡ್‌ಗಳಲ್ಲಿ ಇವತ್ತು ಮೈಲ್ಡ್ ಸ್ಟೀಲ್ ಗೇಟು, ನಾಳೆ ಸ್ಟೇನ್‌ಲೆಸ್ ಟ್ಯಾಂಕು, ಎರಡೂ ಒಂದೇ ನೆಲದ ಮೇಲೆ. ಗೇಟು ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಟ್ಯಾಂಕಿಗೂ ಹಚ್ಚುತ್ತಾರೆ. ಪಕ್ಕದಲ್ಲಿ ಗ್ರೈಂಡ್ ಮಾಡಿದರೂ ಸಾಕು, ಹಾರುವ ಕಿಡಿ ಅಂದರೆ ಬಿಸಿ ಕಬ್ಬಿಣದ ಕಣವೇ ತಾನೆ, ಬಂದು ಸ್ಟೀಲಿನ ಮೈಗೆ ಕಚ್ಚಿಕೊಳ್ಳುತ್ತೆ. ನೀರು ತುಂಬಿದ ಮೊದಲ ವಾರದಲ್ಲೇ ಆ ಕಣಗಳು ತುಕ್ಕು ಹಿಡಿದು ಟ್ಯಾಂಕಿಗೆ ಸಿಡುಬು ಎದ್ದ ಹಾಗೆ ಕಾಣುತ್ತೆ. ಇಲ್ಲಿ ತುಕ್ಕು ಹಿಡಿದಿರೋದು ಟ್ಯಾಂಕಲ್ಲ, ಅದರ ಮೇಲೆ ಕೂತ ಪರರ ಕಬ್ಬಿಣ. ಹಾಗಂತ ಬಿಟ್ಟುಬಿಡೋಕಾಗೋದಿಲ್ಲ. ಆ ಕಣದ ಅಡಿಯಲ್ಲಿ ಆಮ್ಲಜನಕ ಸಿಗದೆ ಹೊದಿಕೆ ಸೋಲುತ್ತಾ ಹೋಗಿ ಕೊನೆಗೆ ಟ್ಯಾಂಕಿನ ಸ್ವಂತ ಲೋಹವೂ ಕೊರೆಯೋಕೆ ಶುರುವಾಗುತ್ತೆ. ವೈರ್ ಬ್ರಷ್ ಬೇಡ ಅಂದದ್ದು ಇದಕ್ಕೇ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬ್ರಷ್ಷಿನ ತಂತಿ ಕಾರ್ಬನ್ ಸ್ಟೀಲಿನದು. ಉಜ್ಜಿದಷ್ಟೂ ಹೊಸ ಕಬ್ಬಿಣ ಬಳಿದ ಹಾಗೆ. ಅಡುಗೆಮನೆಯ ಕಬ್ಬಿಣದ ನಾರಿಗೂ ಇದೇ ಮಾತು.

ಮೂರನೆಯದೇ ನಿಜವಾದ ಕಾಯಿಲೆ: ಟ್ಯಾಂಕಿನ ಸ್ವಂತ ತುಕ್ಕು. ಅದರ ಹೆಸರು ಪಿಟ್ಟಿಂಗ್. ಕ್ಲೋರೈಡ್ ಅಯಾನು ಹೊದಿಕೆಯ ಬಲಹೀನ ಜಾಗ ಹುಡುಕಿ ಸೂಜಿಮೊನೆಯಷ್ಟು ತೂತು ಮಾಡುತ್ತೆ. ಒಳಗೆ ಕರಗಿದ ಕಬ್ಬಿಣ, ಕ್ರೋಮಿಯಂ ಅಯಾನುಗಳು ನೀರಿನೊಂದಿಗೆ ವರ್ತಿಸಿ ಆಮ್ಲ ಉಂಟಾಗುತ್ತೆ. ಧನ ವಿದ್ಯುದಂಶ ಹೆಚ್ಚಾಯಿತಲ್ಲ, ಅದನ್ನು ಸರಿದೂಗಿಸೋಕೆ ಹೊರಗಿನ ಕ್ಲೋರೈಡ್ ಇನ್ನಷ್ಟು ಒಳಗೆ ನುಗ್ಗುತ್ತೆ. ಆಮ್ಲ ಹೆಚ್ಚಿದಷ್ಟೂ ಲೋಹ ಕರಗುತ್ತೆ, ಲೋಹ ಕರಗಿದಷ್ಟೂ ಆಮ್ಲ ಹೆಚ್ಚುತ್ತೆ. ಟ್ಯಾಂಕಿನ ಉಳಿದ ಗೋಡೆಯೆಲ್ಲ ಕ್ಯಾಥೋಡ್, ಈ ಚಿಕ್ಕ ತೂತು ಮಾತ್ರ ಆನೋಡ್. ಅಷ್ಟಗಲದ ಕ್ಯಾಥೋಡಿನ ಹಸಿವಿಗೆ ಇಷ್ಟೇ ಇಷ್ಟು ಆನೋಡ್ ಊಟ ಬಡಿಸಬೇಕು ಅಂದರೆ ತೂತು ಆಳಕ್ಕೇ ಹೋಗಬೇಕು. ಹೊರಗಿನಿಂದ ಸಾಸಿವೆ ಕಾಳಿನಷ್ಟು ಚುಕ್ಕೆ ಕಂಡರೂ ಒಳಗೆ ಗವಿ ಇರಬಹುದು. 2 ಮಿ.ಮೀ. ಶೀಟಿನ ಟ್ಯಾಂಕು ಸೋರೋಕೆ ಶುರು ಮಾಡಿದಾಗ ಅದರ ಒಟ್ಟು ತೂಕದಲ್ಲಿ ಒಂದು ಚಮಚದಷ್ಟೂ ಲೋಹ ಕಳೆದುಹೋಗಿರೋದಿಲ್ಲ.

ಎರಡನೆಯದನ್ನೂ ಮೂರನೆಯದನ್ನೂ ಬೇರೆ ಮಾಡೋದು ಹೇಗೆ? ಸ್ವಲ್ಪ ಜಾಗಕ್ಕೆ ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಸಿಡ್‌ನ, ಬೆಚ್ಚಗಿನ ದ್ರಾವಣ ಹಚ್ಚಿ ಮೆತ್ತಗಿನ ನೈಲಾನ್ ಪ್ಯಾಡಿನಿಂದ ಒರೆಸಿ, ತೊಳೆದು, ಒಣಗಿಸಿ. ಟಾರ್ಚನ್ನು ಓರೆಯಾಗಿ ಹಿಡಿದು ಉಗುರಿನಿಂದ ಸವರಿ ನೋಡಿ. ಕಲೆ ಹೋಗಿ ಮೈ ನುಣುಪಾಗಿದ್ದರೆ ಅದು ಹೊರಗಿನ ಕಬ್ಬಿಣ. ಉಗುರಿಗೆ ಕುಳಿ ಸಿಕ್ಕರೆ, ಕಪ್ಪು ಚುಕ್ಕೆ ಉಳಿದರೆ, ಕೆಲವು ದಿನದಲ್ಲಿ ಅದೇ ಬಿಂದುವಿನಿಂದ ಕಂದು ಕಣ್ಣೀರು ಇಳಿದರೆ ಪಿಟ್ಟಿಂಗ್. ಲ್ಯಾಬಿನ ಗೆಳೆಯರು ಪೊಟ್ಯಾಸಿಯಂ ಫೆರಿಸಯನೈಡ್ ಹಚ್ಚಿ ನೀಲಿ ಬರುತ್ತಾ ನೋಡೋಣ ಅನ್ನಬಹುದು. ಬಿಡಿ ಕಬ್ಬಿಣ ಹಿಡಿಯೋಕೆ ಒಳ್ಳೇ ಪರೀಕ್ಷೆ ಅದು. ಆದರೆ ಆಹಾರ ಮುಟ್ಟುವ ಭಾಗಗಳ ಮೇಲೆ ಮಾಡಬಾರದು ಅಂತ ಎಎಸ್‌ಟಿಎಂ ಎ967 ಮಾನದಂಡದಲ್ಲೇ ಬರೆದಿದೆ. ಅದೇ ಮಾನದಂಡ ಕೊಡುವ ಬಡವರ ಪರೀಕ್ಷೆ ಇಲ್ಲಿಗೆ ಸರಿ: ಶುದ್ಧ ನೀರಲ್ಲಿ ಒಂದು ಗಂಟೆ ನೆನೆಸು, ಒಂದು ಗಂಟೆ ಒಣಗಿಸು, ಹೀಗೆ ಕನಿಷ್ಠ 12 ಸಲ. ಒಂದು ದಿನದ ಕೆಲಸ. ಬಿಡಿ ಕಬ್ಬಿಣ ಇದ್ದರೆ ತಾನೇ ಕೆಂಪಾಗಿ ಕೈ ಎತ್ತುತ್ತೆ.

ಪಿಟ್ಟಿಂಗ್ ಅಂತ ಖಚಿತವಾದರೆ ಟ್ಯಾಂಕನ್ನು ಬಿಟ್ಟು ನೀರಿನ ಕಡೆ ತಿರುಗಬೇಕು. ಸಾಮಾನ್ಯ ತಾಪಮಾನದಲ್ಲಿ 304ಎಲ್ ದರ್ಜೆಗೆ ಲೀಟರಿಗೆ ಸುಮಾರು 200 ಮಿ.ಗ್ರಾಂ, 316ಎಲ್‌ಗೆ ಸುಮಾರು 1000 ಮಿ.ಗ್ರಾಂ ಕ್ಲೋರೈಡ್‌ವರೆಗೆ ಪರವಾಗಿಲ್ಲ ಅನ್ನೋದು ಬಳಕೆಯಲ್ಲಿರುವ ಮಾರ್ಗಸೂಚಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಏನು ಹೇಳುತ್ತೆ? 250 ಮಿ.ಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1000. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನುಷ್ಯರು ಕುಡಿಯೋಕೆ ಪಾಸಾದ ನೀರು 304 ಟ್ಯಾಂಕಿಗೆ ಫೇಲ್ ಆಗಬಹುದು! ‘ನೀರಿನ ರಿಪೋರ್ಟ್ ಚೆನ್ನಾಗಿಯೇ ಇದೆಯಲ್ಲ ಸಾರ್’ ಅನ್ನೋ ಮಾತಿಗೆ ಇದೇ ಉತ್ತರ. ಅದೂ ತಣ್ಣೀರಿನ ಲೆಕ್ಕ. 80 ಡಿಗ್ರಿಗೆ ಹೋದರೆ ಮಿತಿ ಇನ್ನೂ ಕೆಳಗೆ ಇಳಿಯುತ್ತೆ.

ಇದರ ಮೇಲೆ ಬ್ರೂವರಿಯವರು ತಾವೇ ಕ್ಲೋರೈಡ್ ಸೇರಿಸುತ್ತಾರೆ. ರುಚಿಗೆ, ಮಾಲ್ಟಿನ ಕಿಣ್ವಗಳಿಗೆ ಕ್ಯಾಲ್ಸಿಯಂ ಬೇಕು ಅಂತ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕೋದು ವಾಡಿಕೆ. ಲೆಕ್ಕ ಮಾಡೋಣ. ಎರಡು ನೀರಿನ ಅಣು ಇರುವ ಕ್ಯಾಲ್ಸಿಯಂ ಕ್ಲೋರೈಡ್‌ನ ಅಣುತೂಕ 147, ಅದರಲ್ಲಿ ಕ್ಲೋರಿನ್ ಪಾಲು 71. ಅಂದರೆ ಸುಮಾರು ಶೇ. 48. ಬಂದ ನೀರಲ್ಲಿ 100 ಮಿ.ಗ್ರಾಂ ಇತ್ತು ಅಂದುಕೊಳ್ಳಿ, ಲೀಟರಿಗೆ ಕಾಲು ಗ್ರಾಂ ಪುಡಿ ಹಾಕಿದರೆ 120 ಸೇರಿ 220 ಆಯ್ತು. ಗೆರೆ ದಾಟಿತು. ಪುಡಿಯನ್ನು ಮೇಲಿನಿಂದ ಸುರಿದು ಕಲಕದೆ ಹೋದರಂತೂ ಅದು ತಳದಲ್ಲಿ ಗುಡ್ಡೆ ಕೂತು, ಆ ಗುಡ್ಡೆಯ ಅಡಿಯಲ್ಲಿ ಕ್ಲೋರೈಡ್ ಪ್ರಮಾಣ ಸರಾಸರಿಗಿಂತ ಎಷ್ಟೋ ಪಟ್ಟು ಮೇಲಿರುತ್ತೆ. ತಳದಲ್ಲಷ್ಟೇ ಪಿಟ್ಟಿಂಗ್ ಕಂಡರೆ ನಮ್ಮ ಮೊದಲ ಅನುಮಾನ ಈ ಪುಡಿಯ ಮೇಲೆ. ಪರಿಹಾರ ಬಹಳ ಸುಲಭ: ಉಪ್ಪುಗಳನ್ನು ನೀರಿನ ಟ್ಯಾಂಕಿಗೆ ಹಾಕಬೇಡಿ, ಮಾಲ್ಟ್ ನೆನೆಸುವ ಪಾತ್ರೆಗೇ ಹಾಕಿ. ಅಲ್ಲಿ ನೀರು ಕೆಲವೇ ಗಂಟೆ ಇರುತ್ತೆ, ಆಮೇಲೆ ಪಾತ್ರೆ ತೊಳೆಯುತ್ತಾರೆ. ಟ್ಯಾಂಕಿನಲ್ಲಾದರೆ ಹಗಲು ರಾತ್ರಿ ನಿಂತಿರುತ್ತೆ.

ಬೆಂಗಳೂರಿನಂಥ ಊರಲ್ಲಿ ಇನ್ನೊಂದು ಗೋಳಿದೆ. ಒಂದು ದಿನ ಕಾವೇರಿ, ಮಾರನೇ ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಯಾವ ಕಡೆಯದೋ ಟ್ಯಾಂಕರ್. ವರ್ಷಕ್ಕೊಮ್ಮೆ ಮಾಡಿಸಿದ ನೀರಿನ ರಿಪೋರ್ಟು ಇವತ್ತಿನ ನೀರಿಗೆ ಸಂಬಂಧವೇ ಇಲ್ಲದಿರಬಹುದು. ಕ್ಲೋರೈಡ್ ಅಳೆಯೋದು ದೊಡ್ಡ ವಿದ್ಯೆ ಏನಲ್ಲ. ನಮ್ಮ ಸಿವಿಲ್‌ನವರು ಎನ್ವಿರಾನ್‌ಮೆಂಟಲ್ ಲ್ಯಾಬಿನಲ್ಲಿ ಮಾಡುವ ಮೋರ್ ವಿಧಾನದ ಟೈಟ್ರೇಶನ್ ಸಾಕು. ಸಿಲ್ವರ್ ನೈಟ್ರೇಟ್ ಬ್ಯುರೆಟ್ಟಿನಲ್ಲಿ, ಪೊಟ್ಯಾಸಿಯಂ ಕ್ರೋಮೇಟ್ ಎರಡು ಹನಿ, ಹಳದಿ ಹೋಗಿ ಇಟ್ಟಿಗೆ ಕೆಂಪು ಬಂದ ಕಡೆ ನಿಲ್ಲಿಸೋದು. ವೈವಾ ಮುಗಿದ ಮೇಲೆ ಮರೆತುಹೋಗುವ ಈ ಪ್ರಯೋಗಕ್ಕೆ ಲಕ್ಷಗಟ್ಟಲೆ ಬೆಲೆಯ ಟ್ಯಾಂಕು ಉಳಿಸೋ ಶಕ್ತಿ ಇದೆ.

ಕ್ಲೋರೈಡ್ ಬೇರೆ, ಕ್ಲೋರಿನ್ ಬೇರೆ ಅಂತ ಇಲ್ಲೇ ಹೇಳಿಬಿಡಬೇಕು. ನಲ್ಲಿ ನೀರಿಗೆ ರೋಗಾಣು ಸಾಯಲಿ ಅಂತ ಹಾಕುವ ಕ್ಲೋರಿನ್ ಬಿಸಿ ಟ್ಯಾಂಕಿನಲ್ಲಿ ನೀರು ಬಿಟ್ಟು ಮೇಲೆ ಏಳುತ್ತೆ. ಮುಚ್ಚಳದ ಕೆಳಗೆ, ನೀರಿನ ಮಟ್ಟದ ಮೇಲೆ, ಆವಿ ತಣಿದು ಕೂತ ಹನಿಗಳಲ್ಲಿ ಮತ್ತೆ ಕರಗುತ್ತೆ. ಆ ಹನಿ ಆರುತ್ತೆ, ಮತ್ತೆ ಕೂರುತ್ತೆ, ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾದ ಆಮ್ಲೀಯ ಕ್ಲೋರೈಡ್ ಉಳಿಯುತ್ತೆ. ಹಾಗಾಗಿ ಸದಾ ನೀರಲ್ಲಿ ಮುಳುಗಿದ ಗೋಡೆ ಫಳಫಳ, ನೀರೇ ಮುಟ್ಟದ ಛಾವಣಿ ಕಂದು! ಇದನ್ನು ಕಂಡವರಿಗೆ ಮೊದಲು ನಂಬೋಕೇ ಆಗೋದಿಲ್ಲ. ಇದೇ ಬಗೆಯ ರಸಾಯನ ಎಷ್ಟು ಕ್ರೂರವಾಗಬಹುದು ಅನ್ನೋದಕ್ಕೆ ಸ್ವಿಟ್ಜರ್‌ಲ್ಯಾಂಡಿನ ಊಸ್ಟರ್ ಊರಿನ ಈಜುಕೊಳ ಸಾಕ್ಷಿ. 1985ರ ಮೇ ತಿಂಗಳಲ್ಲಿ ಅಲ್ಲಿನ ಒಳಾಂಗಣ ಈಜುಕೊಳದ ಕಾಂಕ್ರೀಟ್ ತಾರಸಿ ಕುಸಿದು 12 ಜನ ಸತ್ತರು. ತಾರಸಿಯನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಕ್ಲೋರಿನ್ ತುಂಬಿದ ತೇವದ ಗಾಳಿಯಲ್ಲಿ ಬಿರುಕು ಬಿಟ್ಟಿದ್ದವು. ಆ ಸರಳುಗಳನ್ನು ಕೊಳದ ನೀರು ಮುಟ್ಟಿಯೇ ಇರಲಿಲ್ಲ.

ಅದು ಸ್ಟ್ರೆಸ್ ಕರೋಷನ್ ಕ್ರ್ಯಾಕಿಂಗ್. ಎಳೆತದ ಒತ್ತಡ, ಕ್ಲೋರೈಡ್, ಬಿಸಿ ಮೂರೂ ಸೇರಬೇಕು. 304 ಜಾತಿಯ ಸ್ಟೀಲಿಗೆ ಸುಮಾರು 60 ಡಿಗ್ರಿ ದಾಟಿದರೆ ಎಚ್ಚರ ಇರಬೇಕು ಅನ್ನುತ್ತಾರೆ (ಊಸ್ಟರ್‌ನಂಥ ಕಡೆ ಅಷ್ಟು ಬಿಸಿಯೂ ಬೇಕಾಗಲಿಲ್ಲ). ವೆಲ್ಡಿಂಗ್ ಆದ ಟ್ಯಾಂಕಿನ ಮೈಯಲ್ಲಿ ಎಳೆತ ಹೇಗೂ ಉಳಿದಿರುತ್ತೆ, ನೀರು 80 ಡಿಗ್ರಿ ಇದ್ದೇ ಇದೆ. ನಮ್ಮ ಕೈಯಲ್ಲಿ ಉಳಿಯೋದು ಕ್ಲೋರೈಡ್ ಒಂದೇ. ಕಾರ್ಬನ್ ಫಿಲ್ಟರ್ ಇಟ್ಟು ಕ್ಲೋರಿನ್ ತೆಗೆದು, ಆರ್‌ಒ ನೀರನ್ನು ಬೆರೆಸಿ ಕ್ಲೋರೈಡ್ ಇಳಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಕ್ಲೋರಿನ್ ಉಳಿದರೆ ಬಿಯರ್‌ಗೆ ಔಷಧಿ ವಾಸನೆ ಬರುತ್ತೆ ಅಂತ ಕಾರ್ಬನ್ ಫಿಲ್ಟರ್ ಹೇಗೂ ಹಾಕಿರುತ್ತಾರೆ. ಹಾಕಿರುವ ಜಾಗ ಮಾತ್ರ ಕೆಲವೊಮ್ಮೆ ಟ್ಯಾಂಕಿನ ನಂತರ. ಅದನ್ನು ಮುಂಚೆಗೆ ತರಬೇಕು.

ಇನ್ನು ತೊಳೆಯೋ ಕೆಲಸ. ಮೊದಲು ಬಿಸಿ ಕಾಸ್ಟಿಕ್ ದ್ರಾವಣದಿಂದ ಜಿಡ್ಡು ತೆಗೆಯಬೇಕು. ಜಿಡ್ಡಿನ ಮೇಲೆ ಆಸಿಡ್ ಕೆಲಸ ಮಾಡೋದಿಲ್ಲ. ಆಮೇಲೆ ಚೆನ್ನಾಗಿ ನೀರು ಹಾಯಿಸಿ ಸಿಟ್ರಿಕ್ ಆಸಿಡ್. ಎ967 ಹೇಳುವ ಲೆಕ್ಕ: ಶೇ. 4ರಿಂದ 10ರ ದ್ರಾವಣ, 60–71 ಡಿಗ್ರಿಯಲ್ಲಿ ಕನಿಷ್ಠ 4 ನಿಮಿಷ, 49–60ರಲ್ಲಿ 10 ನಿಮಿಷ, 21–49ರಲ್ಲಿ 20 ನಿಮಿಷ. ಅದು ಹೊಸ ಬಿಡಿಭಾಗಗಳ ಲೆಕ್ಕ. ತುಕ್ಕು ಕೂತ ಹಳೇ ಟ್ಯಾಂಕಿಗೆ ಜಾಸ್ತಿ ಹೊತ್ತು ಬೇಕು. 1000 ಲೀಟರ್ ಟ್ಯಾಂಕು ತುಂಬಿಸಿ ಶೇ. 5 ಮಾಡಬೇಕಾದರೆ 50 ಕೆ.ಜಿ. ನಿಂಬೆ ಉಪ್ಪು ಬೇಕು. ಯಾರೂ ಹಾಗೆ ಮಾಡೋದಿಲ್ಲ. 60 ಲೀಟರ್ ದ್ರಾವಣವನ್ನು ತಳದಿಂದ ಪಂಪಿನಲ್ಲಿ ಎತ್ತಿ ಮೇಲಿನ ಸ್ಪ್ರೇ ಬಾಲ್‌ನಿಂದ ಗೋಡೆಗೆ ಚಿಮ್ಮಿಸುತ್ತಾ ತಿರುಗಿಸಿದರೆ 3 ಕೆ.ಜಿ.ಯಲ್ಲಿ ಮುಗಿಯುತ್ತೆ. ಬಿಸಿ ದ್ರಾವಣ ಓಡುತ್ತಿದ್ದ ಟ್ಯಾಂಕಿಗೆ ಗಾಳಿಕಿಂಡಿ ಮುಚ್ಚಿಟ್ಟು ತಣ್ಣೀರು ಚಿಮ್ಮಿಸಬೇಡಿ. ಒಳಗಿನ ಆವಿ ಒಮ್ಮೆಗೇ ತಣಿದು ನಿರ್ವಾತ ಆಗಿ ತೆಳು ಶೀಟಿನ ಟ್ಯಾಂಕು ಪೆಪ್ಸಿ ಡಬ್ಬಿ ಹಿಸುಕಿದ ಹಾಗೆ ಒಳಕ್ಕೆ ಕುಸಿಯುತ್ತೆ. ಕೊನೆಗೆ ಕ್ಲೋರೈಡ್ ಕಡಿಮೆ ಇರುವ ನೀರಲ್ಲಿ ತೊಳೆದು, ಮುಚ್ಚಳ ತೆಗೆದು ಒಂದು ದಿನ ಗಾಳಿಗೆ ಬಿಡಿ. ಹೊಸ ಹೊದಿಕೆ ಗಟ್ಟಿಯಾಗೋದು ಆಗಲೇ.

ಸಿಟ್ರಿಕ್‌ನಿಂದ ಆಗದ ಕೆಲಸಗಳೂ ಇವೆ. ವೆಲ್ಡಿಂಗ್ ಪಕ್ಕದ ನೀಲಿ-ಕಂದು ಛಾಯೆ ಅದರಿಂದ ಹೋಗೋದಿಲ್ಲ. ಆ ಛಾಯೆಯ ಅಡಿಯಲ್ಲಿ ಕ್ರೋಮಿಯಂ ಬಡವಾದ ಪದರ ಇರುತ್ತೆ. ಅದನ್ನು ಕಬ್ಬಿಣ ಮುಟ್ಟದ ಹೊಸ ಫ್ಲ್ಯಾಪ್ ಡಿಸ್ಕಿನಿಂದ ನಯವಾಗಿ ಉಜ್ಜಬೇಕು, ಇಲ್ಲವೇ ಪಿಕ್ಲಿಂಗ್ ಪೇಸ್ಟ್ ಹಚ್ಚಬೇಕು. ಆ ಪೇಸ್ಟಿನಲ್ಲಿ ಸಾಮಾನ್ಯವಾಗಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ. ಚರ್ಮ ದಾಟಿ ಮೂಳೆವರೆಗೆ ಹೋಗುವ ವಿಷ ಅದು, ತರಬೇತಿ ಇಲ್ಲದವರು ಡಬ್ಬಿ ತೆರೆಯಲೇಬಾರದು. ಆಳವಾದ ಪಿಟ್‌ಗಳನ್ನೂ ಸಿಟ್ರಿಕ್ ತುಂಬೋದಿಲ್ಲ. ಮೇಲುಮೇಲಿನವನ್ನು ಉಜ್ಜಿ ತೆಗೆಯಬಹುದು, ಆಳದವನ್ನು ಕತ್ತರಿಸಿ ತೇಪೆ ಹಾಕಬೇಕು. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಯಾವ ಕಾರಣಕ್ಕೂ ಹತ್ತಿರ ಬರಕೂಡದು. ಅದು ಹೈಡ್ರೋಕ್ಲೋರಿಕ್, ಆಮ್ಲವೂ ಹೌದು ಕ್ಲೋರೈಡೂ ಹೌದು. ಅದರ ಜೊತೆ ಯಾರಾದರೂ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಹೊರಡೋದು ಕ್ಲೋರಿನ್ ಅನಿಲ.

ಈಗ ಆ ಒಳಗೆ ಇಳಿಯುವ ಮನುಷ್ಯನ ವಿಷಯ. ಮ್ಯಾನ್‌ಹೋಲಿನಲ್ಲಿ ಒಬ್ಬ ಇಳಿದು ಬಿದ್ದ, ಎತ್ತೋಕೆ ಹೋದ ಇನ್ನೊಬ್ಬನೂ ಬಿದ್ದ ಅನ್ನೋ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಸ್ಟೀಲ್ ಟ್ಯಾಂಕು ಎಷ್ಟೇ ಹೊಳೆದರೂ ಅದೇ ಜಾತಿಯ ಜಾಗ. ವೆಲ್ಡಿಂಗಿಗೆ ಬಿಟ್ಟ ಆರ್ಗಾನ್, ಪಕ್ಕದ ಹುದುಗು ಟ್ಯಾಂಕಿನಿಂದ ಬಂದ ಕಾರ್ಬನ್ ಡೈಆಕ್ಸೈಡ್, ಎರಡೂ ಗಾಳಿಗಿಂತ ಭಾರ, ಎರಡೂ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತವೆ. ಆರ್ಗಾನಿಗಂತೂ ವಾಸನೆ, ಉರಿ, ಉಸಿರುಕಟ್ಟಿದ ಅನುಭವ ಯಾವುದೂ ಇಲ್ಲ, ಎರಡು ಉಸಿರಿಗೆ ಪ್ರಜ್ಞೆ ತಪ್ಪಬಹುದು. ಗಾಳಿಯಲ್ಲಿ ಶೇ. 20.9 ಇರುವ ಆಮ್ಲಜನಕ 19.5ಕ್ಕಿಂತ ಕೆಳಗಿದ್ದರೆ ಇಳಿಯಬಾರದು ಅನ್ನೋದು ಎಲ್ಲೆಡೆ ಬಳಕೆಯಲ್ಲಿರುವ ನಿಯಮ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಇಂಥ ಜಾಗಗಳ ಬಗ್ಗೆಯೇ ಇತ್ತು. ಮೀಟರಿನಲ್ಲಿ ಅಳೆದು, ಬ್ಲೋವರ್ ಓಡಿಸಿ, ಬೆಲ್ಟಿಗೆ ಹಗ್ಗ ಕಟ್ಟಿ, ಹೊರಗೆ ಒಬ್ಬ ಕಾವಲು ನಿಂತ ಮೇಲೆ ಇಳಿಯೋದು. ನಾವು ಮುಂದೆ ಸೈಟ್ ಎಂಜಿನಿಯರ್ ಆದಾಗ ‘ಐದೇ ನಿಮಿಷದ ಕೆಲಸ ಸಾರ್’ ಅಂತ ಹೇಳಿ ಇಳಿಯುವ ಹೆಲ್ಪರ್ ಹುಡುಗನನ್ನು ತಡೆಯಬೇಕಾದವರು ನಾವೇ. ಅಷ್ಟಕ್ಕೂ ಸ್ಪ್ರೇ ಬಾಲ್ ಇದ್ದರೆ ಹೆಚ್ಚಿನ ಸಲ ಯಾರೂ ಇಳಿಯಬೇಕಾಗೇ ಇಲ್ಲ.

ಹೊಸ ಟ್ಯಾಂಕು ಕೊಳ್ಳುವವರಿಗೆ ಎರಡು ಮಾತು. ಮ್ಯಾಗ್ನೆಟ್ ಅಂಟಲಿಲ್ಲ, ಹಾಗಾಗಿ ಇದು 304 ಅಂತ ಯಾರಾದರೂ ತೋರಿಸಿದರೆ ನಂಬಬೇಡಿ. ನಿಕ್ಕಲ್ ಉಳಿಸೋಕೆ ಮ್ಯಾಂಗನೀಸ್ ತುಂಬಿದ 200 ಸರಣಿಯ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟೋದಿಲ್ಲ. ಉಲ್ಟಾ, ಅಸಲಿ 304 ಕೂಡ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಅಂಟಬಹುದು. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅನುಮಾನ ಬಂದರೆ ಎಕ್ಸ್‌ಆರ್‌ಎಫ್ ಗನ್ ಹಿಡಿಸಿ. ಬಿಸಿನೀರಿನ ಟ್ಯಾಂಕಿಗೆ ಶೇ. 2–3 ಮಾಲಿಬ್ಡಿನಂ ಇರುವ 316ಎಲ್ ತಗೊಂಡರೆ ಪಿಟ್ಟಿಂಗ್ ತಡೆಯುವ ಶಕ್ತಿ ಹೆಚ್ಚು. ಪಿಟ್ಟಿಂಗ್ ನಿರೋಧದ ಸೂಚ್ಯಂಕದಲ್ಲಿ 304ಕ್ಕೆ ಸುಮಾರು 18–19 ಬಂದರೆ ಇದಕ್ಕೆ 24ರ ಆಸುಪಾಸು, 2205 ಡ್ಯೂಪ್ಲೆಕ್ಸಿಗೆ 34–35. ಬಿರುಕಿನ ಭಯಕ್ಕೂ ಡ್ಯೂಪ್ಲೆಕ್ಸೇ ಗಟ್ಟಿ, 316ಎಲ್ ಅಲ್ಲಿ 304ಕ್ಕಿಂತ ಸ್ವಲ್ಪವೇ ಮೇಲು. ‘ಎಲ್’ ಅಕ್ಷರ ಮರೀಬೇಡಿ, ಇಂಗಾಲ ಕಡಿಮೆ ಇದ್ದರೆ ವೆಲ್ಡಿಂಗ್ ಬಿಸಿಗೆ ಕ್ರೋಮಿಯಂ ಕಾರ್ಬೈಡ್ ಆಗಿ ಕಳೆದುಹೋಗೋದಿಲ್ಲ. ವೆಲ್ಡಿಂಗ್ ಆದ ಮೇಲೆ ಪಿಕ್ಲಿಂಗ್, ಪ್ಯಾಸಿವೇಶನ್ ಎರಡನ್ನೂ ಮಾಡಿ ಕೊಡಬೇಕು ಅಂತ ಪರ್ಚೇಸ್ ಆರ್ಡರಿನಲ್ಲಿ ಬರೆಸಿ. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಹೊರಗಿನ ಇನ್ಸುಲೇಶನ್ ಕ್ಲೋರೈಡ್ ಕಡಿಮೆ ಇರುವಂಥದ್ದೇ ಆಗಲಿ, ಅದರ ತಗಡಿನ ಕೀಲುಗಳಿಗೆ ಸೀಲಂಟ್ ಇರಲಿ. ನೆಲ ತೊಳೆಯುವ ಪೈಪಿನ ನೀರು ಒಳಗೆ ಇಳಿದು ರಾಕ್‌ವುಲ್ ನೆನೆದರೆ ಟ್ಯಾಂಕು ಹೊರಮೈಯಿಂದ ಬಿರುಕು ಬಿಡೋಕೆ ಶುರುಮಾಡುತ್ತೆ. ಮುಚ್ಚಳ ತೆಗೆದು ಎಷ್ಟು ಟಾರ್ಚ್ ಹಾಕಿದರೂ ಅದು ಕಾಣೋದಿಲ್ಲ.